ಹಳೆಯ ಲೌಂಜ್ ಕುರ್ಚಿ: ಅಸಲು ಯಾವುದು, ನಕಲು ಯಾವುದು?

ಪ್ರಶ್ನೆ, ಸಾಗರದಿಂದ: ಹೊಸ ಮನೆಯ ಪಡಸಾಲೆಗೆ 1950–60ರ ದಶಕದ ಅಸಲಿ ಲೌಂಜ್ ಕುರ್ಚಿಯೊಂದನ್ನು ಕೊಳ್ಳಬೇಕೆಂದಿದ್ದೇನೆ. ಈಮ್ಸ್ ಕುರ್ಚಿ, ಚಂಡೀಗಢದ ಕುರ್ಚಿ ಎಂದು ಹೇಳಿ ವ್ಯಾಪಾರಿಗಳು ಚಿತ್ರಗಳನ್ನು ಕಳುಹಿಸುತ್ತಿದ್ದಾರೆ. ಇವನ್ನು ಪರೀಕ್ಷಿಸುವುದು ಹೇಗೆ? ನಮ್ಮ ಮಳೆಗಾಲವನ್ನು ಇವು ತಾಳಿಕೊಳ್ಳುತ್ತವೆಯೇ?

ಶಿವಮೊಗ್ಗದಿಂದ: ಈಮ್ಸ್ ಕುರ್ಚಿಯ ವಿಷಯದಲ್ಲಿ ‘ಅಸಲಿ’ ಮತ್ತು ‘ಹಳೆಯದು’ ಎಂಬುವು ಎರಡು ಬೇರೆ ಪ್ರಶ್ನೆಗಳು. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ರೂಪಿಸಿ 1956ರಲ್ಲಿ ಮಾರುಕಟ್ಟೆಗೆ ಬಂದ ಈ ಕುರ್ಚಿಯನ್ನು ಅಮೆರಿಕದ ಹರ್ಮನ್ ಮಿಲ್ಲರ್ ಸಂಸ್ಥೆ ಇಂದಿಗೂ ತಯಾರಿಸುತ್ತಿರುವುದರಿಂದ, ಕಳೆದ ವರ್ಷ ತಯಾರಾದದ್ದೂ ಅಸಲಿಯೇ. ಹಳೆಯದನ್ನೇ ಬಯಸುವವರು ಬಾಗಿಸಿದ ಪ್ಲೈವುಡ್ಡಿನ ಅಂಚನ್ನು ನೋಡಬೇಕು: ಮೊದಲಿನವು ಐದು ಪದರದವು, ಈಗಿನವು ಏಳು ಪದರದವು. ಬೆನ್ನಿನ ಹಲಗೆಗಳ ಹೊರಮೈಯಲ್ಲಿ ತಿರುಪಿನ ತಲೆ ಕಾಣಿಸಿದರೆ, ಅಥವಾ ಬೆನ್ನು ಹಿಂದಕ್ಕೆ ಮಡಚಿಕೊಂಡು ಒರಗುವಂತಿದ್ದರೆ, ಮಾತು ಮುಂದುವರಿಸುವ ಅಗತ್ಯವಿಲ್ಲ. ಅಸಲಿ ಕುರ್ಚಿಯ ಪೀಠಕ್ಕೆ ಐದು ಕಾಲುಗಳಿದ್ದು, ಕಾಲು ಚಾಚುವ ಮಣೆಗೆ ಮಾತ್ರ ನಾಲ್ಕಿರುತ್ತವೆ. ಅನೇಕ ನಕಲುಗಳು ಇಲ್ಲಿಯೇ ಸಿಕ್ಕಿಬೀಳುತ್ತವೆ. ಹಳೆಯವುಗಳ ನಿಜವಾದ ದೌರ್ಬಲ್ಯವೆಂದರೆ, ಹಲಗೆಯನ್ನೂ ಲೋಹದ ಪಟ್ಟಿಯನ್ನೂ ಬೆಸೆಯುವ ರಬ್ಬರ್ ಬಿಲ್ಲೆಗಳು. ಅವುಗಳ ಅಂಟು ಬಿಟ್ಟಿದ್ದಾಗ ಭಾರ ಬಿದ್ದರೆ ಬೆನ್ನಿನ ಹಲಗೆಯೇ ಸೀಳಬಹುದಾದ್ದರಿಂದ, ಕುಳಿತು ನೋಡುವ ಮೊದಲು ಆ ಬಿಲ್ಲೆಗಳನ್ನು ತೋರಿಸುವಂತೆ ಕೇಳಿ. ವಿದೇಶದಿಂದ ತರಿಸುವುದಾದರೆ ಇನ್ನೊಂದು ತೊಡಕಿದೆ: ಹಳೆಯ ಕುರ್ಚಿಗಳಿಗೆ ಬಳಸಿದ ಬ್ರೆಜಿಲಿನ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರ 1992ರಿಂದ ಕಠಿಣ ನಿರ್ಬಂಧಕ್ಕೆ ಒಳಪಟ್ಟಿದ್ದು, ಕಾಗದಪತ್ರವಿಲ್ಲದೆ ಬಂದ ಕುರ್ಚಿ ಬಂದರಿನಲ್ಲಿಯೇ ಉಳಿದೀತು.

ತೀರ್ಥಹಳ್ಳಿಯಿಂದ: ಮೇಲಿನ ಉತ್ತರಕ್ಕೆ ಚಂಡೀಗಢದ ಸಂಗತಿಯನ್ನು ಸೇರಿಸುತ್ತೇನೆ. ಚಂಡೀಗಢವನ್ನು ಯೋಜಿಸಿದ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆಯ ಸೋದರಸಂಬಂಧಿ ಪಿಯೆರ್ ಜಾನ್ನರೆ ಮತ್ತು ಸಂಗಡಿಗರು ಆ ನಗರದ ಸರ್ಕಾರಿ ಕಟ್ಟಡಗಳಿಗಾಗಿ ರೂಪಿಸಿದ ಈ ಕುರ್ಚಿಗಳಲ್ಲಿ ಬಹುಪಾಲು ತೇಗ ಮತ್ತು ಬೆತ್ತದವು. ಕಚೇರಿಗಳು ಇವನ್ನು ಹಳೆಯ ಸಾಮಾನೆಂದು ಅಗ್ಗಕ್ಕೆ ಹರಾಜು ಹಾಕಿದ ಮೇಲೆ ವಿದೇಶಗಳಲ್ಲಿ ಲಕ್ಷಗಟ್ಟಲೆ ಬೆಲೆ ಬಂದಿತು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವುಗಳ ಮಾರಾಟ ಮತ್ತು ರಫ್ತಿಗೆ ತಡೆ ಹಾಕಿತು. ಆದ್ದರಿಂದ ಕುರ್ಚಿಗಿಂತ ಮೊದಲು ಅದು ಕಚೇರಿಯಿಂದ ಯಾವಾಗ, ಹೇಗೆ ಹೊರಬಂದಿತು ಎಂಬುದರ ದಾಖಲೆಯನ್ನು ಕೇಳಿರಿ. ಹಿಂಬದಿಯಲ್ಲಿ ಬಣ್ಣದಿಂದ ಬರೆದ ಇಲಾಖೆಯ ಅಕ್ಷರ, ಸಂಖ್ಯೆಗಳನ್ನೇ ವ್ಯಾಪಾರಿಗಳು ಪ್ರಮಾಣವೆಂದು ತೋರಿಸುತ್ತಾರೆ. ಅದನ್ನು ಇಂದು ಯಾರು ಬೇಕಾದರೂ ಬರೆಯಬಲ್ಲರು. ಬೇರೆ ಬೇರೆ ಕಾರ್ಖಾನೆಗಳಲ್ಲಿ ಬಡಗಿಗಳು ಕೈಯಿಂದ ಮಾಡಿದ್ದರಿಂದ ಅಳತೆಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಸಹಜ. ಪಡಿಯಚ್ಚಿನಂತಿರುವ ನಾಲ್ಕು ಕುರ್ಚಿಗಳನ್ನು ಒಟ್ಟಿಗೆ ಕಂಡರೆ ನನಗಂತೂ ಅನುಮಾನ. ಬೆತ್ತ ಹೊಸದಾಗಿ ಹೆಣೆದದ್ದಾದರೆ ಚಿಂತೆ ಬೇಡ, ಅಷ್ಟು ವರ್ಷ ಬಳಸಿದ ಬೆತ್ತ ಹರಿಯಲೇಬೇಕು; ಆದರೆ ಕೈಯಿಡುವ ಜಾಗವೂ ಕಾಲಿನ ತುದಿಯೂ ಒಂದೇ ಹೊಳಪಿನಲ್ಲಿದ್ದರೆ, ಮರವನ್ನು ಪೂರ್ತಿ ಉಜ್ಜಿ ಪಾಲಿಶ್ ಮಾಡಿದ್ದಾರೆಂದೋ, ಮರವೇ ಹೊಸದೆಂದೋ ತಿಳಿಯಿರಿ.

ಕೊಪ್ಪದಿಂದ: ಮಳೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಆಷಾಢದ ತೇವದಲ್ಲಿ ಚರ್ಮದ ಮೇಲೂ ಬೆತ್ತದ ಮೇಲೂ ಬೂಷ್ಟು ಹಿಡಿಯುತ್ತದೆ, ಗೋಡೆಗೆ ತಾಗಿಸಿಟ್ಟರೆ ಇನ್ನೂ ಬೇಗ. ಗಟ್ಟಿ ತೇಗದ ಚೌಕಟ್ಟು ಇಲ್ಲಿಯ ಹವೆಗೆ ಒಗ್ಗುತ್ತದೆ. ಅಂಟನ್ನೇ ನಂಬಿದ ಪ್ಲೈವುಡ್ ಕುರ್ಚಿಗಳ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ. ಖರೀದಿಗೆ ಮೊದಲು ಕುರ್ಚಿಯ ಕೆಳಗೆ ಬಿಳಿಯ ಕಾಗದ ಹಾಸಿ, ಚೌಕಟ್ಟನ್ನು ತಟ್ಟಿ ನೋಡಿ. ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳುವಿದೆ, ಅಂಥದ್ದನ್ನು ಮನೆಯ ಉಳಿದ ಮರದ ಸಾಮಾನಿನ ಬಳಿ ತರಬೇಡಿ.