ಬೆರಳ ತುದಿಗೆ ಬ್ಯಾಂಡೇಡ್ ನಿಲ್ಲವಲ್ದು, ಸರಿ ಪದ್ಧತಿ ಯಾವುದು?

ಕೆಂಪುಕಾಯಿ, ಬ್ಯಾಡಗಿ:
ಮೆಣಸಿನಕಾಯಿ ತೊಟ್ಟು ಬಿಡಿಸೋ ಹೆಣ್ಮಕ್ಕಳಿಗೆ ಉಗುರಿನ ಬಾಜು ಚರ್ಮ ಸೀಳತೈತಿ, ಮನ್ಯಾಗ ಇಳಿಗಿ ತಾಗಿ ಕೊಯ್ಯತೈತಿ. ಬ್ಯಾಂಡೇಡ್ ಹಚ್ಚಿದ್ರ ಅರ್ಧ ತಾಸಿಗೇ ಬಿಚ್ಚತೈತಿ. ಬಿಗಿಯಾಗಿ ಸುತ್ತಿದ್ರ ಬೆರಳು ಜುಮ್ ಅಂತೈತಿ, ಸಂಜಿಗೆ ತೆಗೆದ್ರ ಒಳಗ ಚರ್ಮ ಬೆಳ್ಳಗ ನೆಂದಿರತೈತಿ. ಕೆಲವರು ಗಾಯಕ್ಕ ಅರಿಶಿಣ ತುಂಬಿ ಮ್ಯಾಲೆ ಪಟ್ಟಿ ಹಚ್ಚತಾರ. ರಾತ್ರಿ ಗಾಳಿಗೆ ಬಿಡಬೇಕೇನ್ರಿ?

ಔಷಧಂಗಡಿ, ಗದಗ:
ಅಂಟಿನ ತಪ್ಪು ಕಡಿಮಿ, ಚರ್ಮದ ಮ್ಯಾಲಿನ ಎಣ್ಣಿ-ಪಸಿದು ಹೆಚ್ಚು. ಮೆಣಸಿನ ಖಾರ ಬರೇ ನೀರಿಗೆ ಹೋಗೂದಿಲ್ಲ. ಮೊದಲ ಎರಡೂ ಕೈ ಸೋಪಿನಿಂದ ತೊಳೀರಿ, ಆಮ್ಯಾಲೆ ಗಾಯ ನಳದ ಕೆಳಗ 5 ನಿಮಿಷ ಹಿಡೀರಿ. ರಕ್ತ ನಿಲ್ಲದಿದ್ರ ಸ್ವಚ್ಛ ಅರಿವಿ ಇಟ್ಟು 10 ನಿಮಿಷ ಒತ್ತಿ ಹಿಡೀರಿ. ನಡುನಡುವ ಎತ್ತಿ ನೋಡಬ್ಯಾಡ್ರಿ, ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತು ಮತ್ತ ಸುರಿಯಾಕ ಹತ್ತತೈತಿ. ಸುತ್ತಲಿನ ಚರ್ಮ ಪೂರಾ ಆರಿದ ಮ್ಯಾಲೇ ಪಟ್ಟಿ.

ತುದಿಗೆ ಹಂಗೇ ಸುತ್ತಿದ್ರ ನಿಲ್ಲೂದಿಲ್ಲ. ಪಟ್ಟಿ ನಡುವಿನ ಮೆತ್ತನ್ನ ಗಾದಿಯ ಎರಡೂ ಕಡೆ ಇರೋ ಅಂಟಿನ ಭಾಗ ಕತ್ತರಿಯಿಂದ ನಟ್ಟನಡುವ ಉದ್ದಕ್ಕ ಸೀಳ್ರಿ, ಗಾದಿ 2 ಮಿಲಿಮೀಟರ್ ದೂರ ಇದ್ದಾಗ ನಿಲ್ಲಿಸ್ರಿ. ನಾಕು ಕಾಲು ಆಗತಾವ. ಗಾದಿ ಗಾಯದ ಮ್ಯಾಲೆ ಕುಂದ್ರಿಸಿ, ಕಾಲುಗಳನ್ನ ಓರೆಯಾಗಿ ಒಂದನ್ನೊಂದು ದಾಟಿಸಿ ಅಂಟಿಸ್ರಿ. ಗಂಟಿನ ಮ್ಯಾಲಿನ ಗಾಯಕ್ಕೂ ಇದೇ, ಬೆರಳು ಸ್ವಲ್ಪ ಮಡಚಿ ಹಚ್ಚಬೇಕು. ಗಾಯಕ್ಕಿಂತ ಗಾದಿ ದೊಡ್ಡದಿರಲಿ. ಅಂಟು ಗಾಯಕ್ಕ ತಾಗಿದ್ರ ತೆಗೆಯುವಾಗ ಹೊಸ ಚರ್ಮನೂ ಕಿತ್ತು ಬರತೈತಿ.

ಬಿಗಿ ಆಗೇತೋ ಇಲ್ಲೋ ನೋಡಾಕ ಉಗುರು ಒತ್ತಿ ಬಿಡ್ರಿ. ಬೆಳ್ಳಗಾದದ್ದು 2 ಸೆಕೆಂಡಿನಾಗ ಕೆಂಪಾಗದಿದ್ರ ಬಿಚ್ಚಿ ಸಡಿಲ ಹಚ್ಚಬೇಕು.

ಅಡಗಿಮನಿ ಅರಿಶಿಣ ದಯವಿಟ್ಟು ತುಂಬಬ್ಯಾಡ್ರಿ. ಹರಳು ಒಳಗ ಉಳೀತಾವ, ಆ ಹಳದಿಯೊಳಗ ಕೀವು ಕೂಡಿದ್ರೂ ಕಾಣೂದಿಲ್ಲ.

ಎರಿಹೊಲ, ನವಲಗುಂದ:
ಗಾಳಿಗೆ ಬಿಟ್ರ ಲಗೂ ಮಾಯತೈತಿ ಅನ್ನೋದು ಬಿಡ್ರಿ. 1962ರಾಗ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮ್ಯಾಲೆ ಮಾಡಿದ ಪ್ರಯೋಗದಾಗ, ಬಯಲಿಗೆ ಬಿಟ್ಟ ಗಾಯಕ್ಕಿಂತ ಮುಚ್ಚಿ ತೇವ ಉಳಿಸಿದ ಗಾಯದ ಮ್ಯಾಲೆ ಹೊಸ ಚರ್ಮ ಲಗೂ ಹರಡಿತ್ತು. ತೊಳೆದ ಗಾಯಕ್ಕ ತೆಳ್ಳಗ ವ್ಯಾಸಲೀನ್ ಸವರಿ ಮುಚ್ಚಿದ್ರ ಸಾಕು, ಆದ್ರ ಅದು ಅಂಟಿನ ಜಾಗಕ್ಕ ಹೋಗಬಾರದು. ನಿಮ್ಮಲ್ಲಿ ಚರ್ಮ ಬೆಳ್ಳಗಾಗೋದು ಒದ್ದಿ ಗಾದಿ ದಿನಪೂರ್ತಿ ಉಳಿಯೋದಕ್ಕ. ಒದ್ದಿ ಆದಾಗೆಲ್ಲ, ಇಲ್ಲಂದ್ರ ದಿನಕ್ಕೊಮ್ಮೆ ಬದಲಿಸ್ರಿ.

ತೆಗೆಯುವಾಗ ಅಂಚಿಗೆ ಕೊಬ್ಬರಿ ಎಣ್ಣಿ ಹಚ್ಚಿ ಸ್ವಲ್ಪ ಹೊತ್ತು ಬಿಡ್ರಿ. ಮ್ಯಾಲಕ್ಕೆತ್ತಿ ಜಗ್ಗದ, ಚರ್ಮಕ್ಕ ಹೊಂದಿಸಿ ಹಿಂದಕ್ಕ ಮಡಚಿ ಸಾವಕಾಶ ಎಳೀರಿ.

ಕೆಂಪುಕಾಯಿ, ಬ್ಯಾಡಗಿ:
ಭಾಳ ಉಪಕಾರ ಆತ್ರಿ. ಮ್ಯಾಲೆ ರಬ್ಬರ್ ಕೈಗವಸು ಹಾಕಬಹುದೇನು? ಟಿಟಿ (ಧನುರ್ವಾಯು ಇಂಜೆಕ್ಷನ್) ಯಾವಾಗ ಬೇಕಾಗತೈತಿ?

ಔಷಧಂಗಡಿ, ಗದಗ:
ಹಾಕ್ರಿ, ಖಾರ ಒಳಗ ಇಳಿಯೂದಿಲ್ಲ. ಆದ್ರ ಬೆವರು ಕೂಡತೈತಿ, ಊಟದ ಹೊತ್ತಿಗೆ ತೆಗೆದು ಗಾದಿ ಮುಟ್ಟಿ ನೋಡ್ರಿ. ಹಿಂದಿನ ಡೋಸ್ ಎಲ್ಲಾ ಪೂರ್ತಿ ಆಗಿದ್ರ, ಸ್ವಚ್ಛ ಸಣ್ಣ ಗಾಯಕ್ಕ ಕಡೀ ಇಂಜೆಕ್ಷನ್ ಆಗಿ 10 ವರ್ಷ ದಾಟಿದ್ರ ಬೇಕು. ಮಣ್ಣು-ಸೆಗಣಿ ಹತ್ತಿದ್ದಕ್ಕ 5 ವರ್ಷ. ಡೋಸಿನ ಲೆಕ್ಕ ಗೊತ್ತಿಲ್ಲದವರು ಅವತ್ತೇ ಆಸ್ಪತ್ರಿಗೆ ಹೋಗಲಿ. ಗಾಯದ ಬಾಯಿ ತೆರೆದಿದ್ರ, 10 ನಿಮಿಷ ಒತ್ತಿದ ಮ್ಯಾಲೂ ರಕ್ತ ನಿಲ್ಲದಿದ್ರ, ಕೆಂಪು ದಿನದಿನಕ್ಕ ಹರಡಿದ್ರ ಪಟ್ಟಿ ಹಚ್ಚಿ ಕುಂದ್ರೋದಲ್ಲ, ಡಾಕ್ಟರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆ ಇದ್ದವರ ಗಾಯ ದಿನಾ ಬಿಚ್ಚಿ ನೋಡ್ರಿ, ಅವರಿಗೆ ನೋವು ಗೊತ್ತಾಗದೇ ಒಳಗೊಳಗ ಕೀವಾಗಿರತೈತಿ.