ಮೊಟ್ಟೆಯಿಲ್ಲದ ಮಾವಿನ ಕೇಕ್: ಮೊದಲ ಪದರ ಉಬ್ಬಿತು, ಉಳಿದೆರಡು ಕೂತುಬಿಟ್ಟವು

ಪ್ರಶ್ನೆ (ಜಯನಗರದಿಂದ)

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆಗೆ ಅಕ್ಕ, ಭಾವ, ಮಕ್ಕಳೆಲ್ಲ ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಸೇರಲಿದ್ದಾರೆ. ಅಜ್ಜಿಯೂ ತಿನ್ನುವಂತಿರಲಿ ಎಂದು ಮೊಟ್ಟೆ ಹಾಕದೆ ಮೂರು ಪದರದ ಮಾವಿನ ಕೇಕ್ ಮಾಡಬೇಕೆಂದಿದ್ದು, ನಿನ್ನೆ ಒಮ್ಮೆ ಮಾಡಿ ನೋಡಿದೆ. ಮೂರು ಕಪ್ ಮೈದಾ, ಒಂದೂವರೆ ಕಪ್ ಮೊಸರು, ಮುಕ್ಕಾಲು ಟೀ ಚಮಚ ಅಡುಗೆ ಸೋಡಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್. ಎಲ್ಲವನ್ನೂ ಒಟ್ಟಿಗೆ ಕಲಸಿ ಮೂರು ಪಾಲು ಮಾಡಿದೆ. ನಮ್ಮ ಓಟಿಜಿಯಲ್ಲಿ (ಚಿಕ್ಕ ವಿದ್ಯುತ್ ಓವನ್) ಏಳು ಇಂಚಿನ ಒಂದೇ ಟಿನ್ ಹಿಡಿಯುವುದರಿಂದ ಒಂದಾದ ಮೇಲೊಂದರಂತೆ 170 ಡಿಗ್ರಿಯಲ್ಲಿ ಬೇಯಿಸಿದೆ. ಮೊದಲನೆಯದು ಹದವಾಗಿ ಉಬ್ಬಿತು. ಎರಡನೆಯದರ ನಡುಭಾಗ ತಗ್ಗಾಯಿತು. ಮೂರನೆಯದನ್ನು ಕತ್ತರಿಸಿದಾಗ ತಳದಲ್ಲಿ ಬೆರಳಗಲದ ಅಂಟಂಟಾದ ಪಟ್ಟಿ ಕಂಡಿತು. ಇವುಗಳ ನಡುವೆ ಕ್ರೀಮ್ ಮತ್ತು ರಸಪುರಿ ಮಾವಿನ ಹೋಳು ಇಟ್ಟು ಜೋಡಿಸಿದರೆ, ಅರ್ಧ ಗಂಟೆಯೊಳಗೆ ಮೇಲಿನ ಪದರ ಪಕ್ಕಕ್ಕೆ ಜಾರಿತು. ಸೋಡಾ ಹೆಚ್ಚಿಸಬೇಕೇ?

ಉತ್ತರ

ದಯವಿಟ್ಟು ಸೋಡಾ ಹೆಚ್ಚಿಸಬೇಡಿ. ನಿಮ್ಮ ಅಳತೆ ಸರಿಯಾಗಿದೆ ಎಂಬುದಕ್ಕೆ ಮೊದಲ ಪದರವೇ ಸಾಕ್ಷಿ, ಕೆಟ್ಟಿರುವುದು ಕಲಸಿದ ಹಿಟ್ಟನ್ನು ಬೇಯಿಸದೆ ಹಾಗೇ ಬಿಟ್ಟಿದ್ದರಿಂದ. ಸೋಡಾ ಹುಳಿ ಮೊಸರಿಗೆ ತಗುಲಿದ ಕ್ಷಣದಿಂದಲೇ ಗಾಳಿ ಬಿಡತೊಡಗುತ್ತದೆ, ಕಲಸುವಾಗ ಮೇಲೆ ಕಾಣುವ ಸಣ್ಣ ಗುಳ್ಳೆಗಳು ಅವೇ. ಮೂರನೆಯ ಪಾಲು ಓಟಿಜಿ ಸೇರುವ ಹೊತ್ತಿಗೆ ಒಂದು ಗಂಟೆಯಾದರೂ ಕಳೆದಿರಬೇಕು, ಅಷ್ಟರಲ್ಲಿ ಆ ಗುಳ್ಳೆಗಳೆಲ್ಲ ಒಡೆದುಹೋಗಿರುತ್ತವೆ. ಬೇಕಿಂಗ್ ಪೌಡರ್ ಬಿಸಿಯಲ್ಲಿ ಸ್ವಲ್ಪ ಕೆಲಸ ಮಾಡಿದರೂ, ಮೊಟ್ಟೆಯ ಆಧಾರವಿಲ್ಲದ ಕೇಕನ್ನು ಅದೊಂದೇ ಎತ್ತಿ ನಿಲ್ಲಿಸಲಾರದು.

ಮೈದಾ, ಸೋಡಾ, ಬೇಕಿಂಗ್ ಪೌಡರುಗಳನ್ನು ಜರಡಿ ಹಿಡಿದು, ತೂಕ ಮಾಡಿ ಮೂರು ಬಟ್ಟಲಿಗೆ ಹಂಚಿಡಿ. ಮೊಸರು, ಸಕ್ಕರೆ, ಎಣ್ಣೆಯ ಮಿಶ್ರಣವನ್ನೂ ಹಾಗೆಯೇ ಮೂರು ಪಾಲು ಮಾಡಿ. ಓಟಿಜಿ ಕಾದು, ಟಿನ್ನಿಗೆ ಎಣ್ಣೆ ಸವರಿ ಸಿದ್ಧವಾದ ಮೇಲಷ್ಟೇ ಒಂದೊಂದು ಪಾಲನ್ನು ಬೆರೆಸಿ, ಹಿಟ್ಟಿನ ಬಿಳಿ ಮರೆಯಾದೊಡನೆ ಕೈ ನಿಲ್ಲಿಸಿ ಟಿನ್ನಿಗೆ ಸುರಿಯಿರಿ. ಸಣ್ಣ ಗಂಟುಗಳಿದ್ದರೆ ಚಿಂತೆಯಿಲ್ಲ.

ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಇಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಗುಳ್ಳೆಗಳು ಹೆಚ್ಚು ಹಿಗ್ಗುತ್ತವೆ. ಸೋಡಾ ಜಾಸ್ತಿಯಾದರೆ ಕೇಕ್ ಬೇಗ ಉಬ್ಬಿ, ಬೇಯುವ ಮೊದಲೇ ಕುಸಿಯುತ್ತದೆ. ಸಾಬೂನಿನ ರುಚಿ ಬೇರೆ.

ಪದರ ಜಾರಿದ್ದು ಬೇರೆಯೇ ಸಮಸ್ಯೆ. ಯಾವ ಕ್ರೀಮ್ ಬಳಸಿದಿರಿ? ಕೇಕ್ ಪೂರ್ತಿ ತಣಿದಿತ್ತೇ?

ಪ್ರಶ್ನೆ ಕೇಳಿದವರು

ಕಿರಾಣಿ ಅಂಗಡಿಯ ಚಿಕ್ಕ ಡಬ್ಬಿಯ ಫ್ರೆಶ್ ಕ್ರೀಮ್, ಶೇ. 25 ಕೊಬ್ಬು ಎಂದು ಬರೆದಿದೆ. ಎಷ್ಟು ಹೊತ್ತು ಕಡೆದರೂ ಗಟ್ಟಿಯಾಗಲಿಲ್ಲ. ಮೂರನೆಯ ಪದರ ಇನ್ನೂ ಬೆಚ್ಚಗಿತ್ತು.

ಉತ್ತರ

ಹಾಗಾದರೆ ಕಾರಣ ಸ್ಪಷ್ಟವಾಯಿತು. ನೊರೆ ಗಟ್ಟಿಯಾಗಿ ನಿಲ್ಲಬೇಕಾದರೆ ಕನಿಷ್ಠ ಶೇ. 30ರಷ್ಟು ಕೊಬ್ಬಿರಬೇಕು, 35 ಇದ್ದರೆ ಇನ್ನೂ ಒಳ್ಳೆಯದು. ಆದ್ದರಿಂದ ವಿಪ್ಪಿಂಗ್ ಕ್ರೀಮ್ ಎಂದೇ ಕೇಳಿ ತನ್ನಿ, ಪಾತ್ರೆಯನ್ನೂ ಫ್ರಿಜ್‌ನಲ್ಲಿಟ್ಟು ತಣ್ಣಗಾಗಿಸಿ ಕಡೆಯಿರಿ. ಪದರಗಳನ್ನು ಹಿಂದಿನ ದಿನವೇ ಬೇಯಿಸಿ, ಆರಿಸಿ, ಸುತ್ತಿಡಿ. ರಸಪುರಿ ರುಚಿಗೆ ಸಾಟಿಯಿಲ್ಲ, ಆದರೆ ಅದು ಹಿಂಡಿ ಕುಡಿಯುವ ಹಣ್ಣು. ಹೋಳುಗಳಿಗಾಗಿ ಬಾದಾಮಿ ಅಥವಾ ಮಲ್ಲಿಕಾ ಮಾವು ಬಳಸಿ, ಬಟ್ಟೆಯ ಮೇಲೆ ಹರಡಿ ನೀರು ಹೀರಿಸಿ. ಪ್ರತಿ ಪದರದ ಅಂಚಿಗೆ ಕ್ರೀಮಿನ ದಪ್ಪ ಕಟ್ಟೆ ಕಟ್ಟಿ, ಅದರೊಳಗೆ ಹೋಳು ತುಂಬಿ, ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟ ಮೇಲೆ ಮುಂದಿನದನ್ನು ಕೂರಿಸಿ.

ಪ್ರಶ್ನೆ ಕೇಳಿದವರು

ಇಂದು ಬೆಳಿಗ್ಗೆ ಪಾಲು ಪಾಲಾಗಿಯೇ ಕಲಸಿ ಬೇಯಿಸಿದೆ. ಸ್ಕೇಲ್ ಇಟ್ಟು ಅಳೆದರೆ ಮೂರೂ ಪದರ ಸರಿಸುಮಾರು ಮೂರು ಸೆಂಟಿಮೀಟರ್ ಎತ್ತರ ಇವೆ. ಕ್ರೀಮ್ ಫ್ರಿಜ್‌ನಲ್ಲಿದೆ, ಸಂಜೆ ಜೋಡಿಸುತ್ತೇನೆ. ತುಂಬು ಹೃದಯದ ಧನ್ಯವಾದಗಳು.