ಮಚ್ಚು ತೋರಿಸಿ ಮೊಬೈಲ್ ಕೇಳಿದ್ರೆ ಏನ್ಮಾಡೋದು? ಪೆಪ್ಪರ್ ಸ್ಪ್ರೇ ಸಾಕಾ?

ನೈಟ್‌ಶಿಫ್ಟ್_ಬೆಂಗಳೂರು
ಕಂಪನಿ ಕ್ಯಾಬ್ ರಿಂಗ್ ರೋಡಲ್ಲೇ ಇಳಿಸತ್ತೆ. ಅಲ್ಲಿಂದ ಪಿಜಿಗೆ ಮುಕ್ಕಾಲು ಕಿಲೋಮೀಟರ್ ನಡೀಬೇಕು, ಅದೂ ರಾತ್ರಿ ಎರಡಕ್ಕೆ. ಬೈಕಲ್ಲಿ ಇಬ್ಬರು ಬಂದು ಮಚ್ಚು ತೋರಿಸಿ ಫೋನ್ ಕಿತ್ಕೊಳ್ತಿದ್ದಾರೆ ಅಂತ ಪಿಜಿ ಗ್ರೂಪಲ್ಲಿ ಮೆಸೇಜ್ ಓಡಾಡ್ತಿದೆ. ಸ್ಪ್ರೇ ತಗೊಳ್ಳೋದಾ, ಚಿಕ್ಕ ಚಾಕುನಾ? ತಿರುಗಿ ಹೊಡೆದ್ರೆ ಕೇಸ್ ನಮ್ಮ ಮೇಲೇ ಬೀಳತ್ತಾ?

ಗರಡಿಮನೆ
ಚಾಕು ಬೇಡವೇ ಬೇಡ. ಮಚ್ಚಿನ ಉದ್ದಕ್ಕೆ ಅವನ ಕೈಯುದ್ದ ಸೇರಿಸಿ ನೋಡಿ. ನಿಮ್ಮ ಚಾಕು ತಾಗೋ ಮೊದಲೇ ಏಟು ನಿಮ್ಮ ಮುಂಗೈಗೆ ಬಿದ್ದಿರತ್ತೆ. ಸ್ಪ್ರೇ ಎರಡು ಮೂರು ಮೀಟರ್ ದೂರ ಇರುವಾಗ ಮಾತ್ರ ಉಪಯೋಗ. ಬ್ಯಾಗಿನ ತಳದಲ್ಲಿದ್ರೆ ಇಲ್ಲದಂಗೇ. ಎದುರುಗಾಳಿ ಇದ್ರೆ ನಿಮ್ಮ ಕಣ್ಣಿಗೇ ಬರತ್ತೆ, ಹೆಲ್ಮೆಟ್ ಗ್ಲಾಸ್ ಇಳಿಸಿರೋನಿಗೆ ನಾಟೋದೇ ಕಷ್ಟ. ಮಚ್ಚು ಆಗಲೇ ಕತ್ತಿನ ಹತ್ರ ಬಂದಿದ್ರೆ ಸ್ಪ್ರೇ ಮುಟ್ಟಬೇಡಿ, ಕಣ್ಣು ಉರಿಯೋನು ಕುರುಡಾಗಿ ಬೀಸ್ತಾನೆ.

ಫೋನ್ ಕೊಟ್ಬಿಡಿ. ಆದ್ರೆ "ಬಲಗಡೆ ಜೇಬಲ್ಲಿದೆ, ತೆಗೀತೀನಿ" ಅಂತ ಮೊದಲು ಬಾಯಲ್ಲಿ ಹೇಳಿ, ಆಮೇಲೆ ಎರಡು ಬೆರಳಲ್ಲಿ ನಿಧಾನಕ್ಕೆ ತೆಗೀರಿ. ಹೇಳದೆ ಜೇಬಿಗೆ ಕೈ ಹಾಕಿದ್ರೆ ಆಯುಧ ಅಂದ್ಕೊಂಡು ಬೀಸಬಹುದು. ಕೊಟ್ಟ ಮೇಲೆ ಎರಡು ಹೆಜ್ಜೆ ಹಿಂದೆ. "ಬೈಕ್ ಹತ್ತು" ಅಂದ್ರೆ ಮಾತ್ರ ಲೆಕ್ಕ ಬೇರೆ, ಅಲ್ಲಿ ಓಡಬೇಕು: ಬೈಕ್ ಮುಖ ಮಾಡಿರೋ ಕಡೆಗೆ ಉಲ್ಟಾ, ಅವರು ತಿರುಗಿಸೋ ಹೊತ್ತು ನಿಮಗೆ ಸಿಗತ್ತೆ.

ನಡೆಯುವಾಗ ರಸ್ತೆಯ ಬಲ ಅಂಚು ಹಿಡೀರಿ, ಗಾಡಿಗಳು ಎದುರಿಂದ ಬರ್ತವೆ. (ರಾಂಗ್ ಸೈಡ್ ವೀರರಿರೋ ಊರು, ಆಗಾಗ ಹಿಂದೆ ನೋಡಿ.) ಇಯರ್‌ಫೋನ್ ಬೇಡ.

ಸಿಮ್‌ಕಾರ್ಡ್ ಶಾಸ್ತ್ರಿ
ಫೋನಿಗಿಂತ ದೊಡ್ಡ ನಷ್ಟ ಸಿಮ್ಮಿಂದ. ಅದನ್ನ ತೆಗೆದು ಬೇರೆ ಫೋನಿಗೆ ಹಾಕಿದ್ರೆ ನಿಮ್ಮ ಓಟಿಪಿ ಎಲ್ಲ ಅಲ್ಲಿಗೇ. ಇವತ್ತೇ ಸಿಮ್ ಪಿನ್ ಹಾಕಿ, ಆಮೇಲೆ ಬೇರೆ ಫೋನಿಗೆ ಹಾಕಿದ್ರೂ ಆ ಪಿನ್ ಇಲ್ಲದೆ ಸಿಮ್ ಓಡಲ್ಲ. ಮೊದಲಿಂದ ಇರೋ ಪಿನ್ ಯಾವ್ದು ಅಂತ ಕಸ್ಟಮರ್ ಕೇರಲ್ಲಿ ಕೇಳಿ, ಊಹೆ ಮಾಡ್ಬೇಡಿ. ಮೂರು ಸಲ ತಪ್ಪಿದ್ರೆ ಲಾಕ್ ಆಗಿ ಪಿಯುಕೆ (ಸಿಮ್ ಕಂಪನಿ ಕೊಡೋ ಬಿಡುಗಡೆ ಕೋಡ್) ಕೇಳತ್ತೆ. ಲಾಕ್ ಸ್ಕ್ರೀನಲ್ಲಿ ಮೆಸೇಜ್ ಕಾಣದಂಗೆ ಮಾಡಿ. ಯುಪಿಐಗೆ ಕಮ್ಮಿ ದುಡ್ಡಿರೋ ಖಾತೆ ಜೋಡಿಸಿ. *#06# ಒತ್ತಿ ಬರೋ ಎರಡೂ ಐಎಂಇಐ (ಫೋನಿನ ಗುರುತಿನ ನಂಬರ್) ಬರೆದಿಡಿ.

ಹೋದ ಮೇಲೆ ಯಾರದಾದ್ರೂ ಫೋನಿಂದ 112, ಆಮೇಲೆ ಸಿಮ್ ಬ್ಲಾಕ್, ಬ್ಯಾಂಕ್. ದುಡ್ಡು ಹೋಗಿದ್ರೆ ತಡ ಮಾಡದೆ 1930, ಸೈಬರ್ ವಂಚನೆ ಸಹಾಯವಾಣಿ. ಆಂಡ್ರಾಯ್ಡಾದ್ರೆ ದೂರದಿಂದ ಲಾಕ್ ಮಾಡಿ, ಆತುರಕ್ಕೆ ಎರೇಸ್ ಒತ್ಬೇಡಿ; ಅಳಿಸಿದ್ರೆ ಲೊಕೇಶನ್ನೂ ಹೋಯ್ತು.

ನೈಟ್‌ಶಿಫ್ಟ್_ಬೆಂಗಳೂರು
ಥ್ಯಾಂಕ್ಸ್ ಸರ್. ಪೊಲೀಸರ ಇ-ಲಾಸ್ಟ್ ಆ್ಯಪಲ್ಲಿ ಹಾಕಿದ್ರೆ ಸಾಕು ಅಂತಾರಲ್ಲ?

ಕೋರ್ಟ್ ಹಾಲ್ 7
ಸಾಲದು. ಅದು ಕಳೆದುಹೋದ ವಸ್ತುಗಳಿಗೆ. ಆಯುಧ ತೋರಿಸಿ ಕಿತ್ಕೊಂಡಿದ್ದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆ 309, ಹತ್ತು ವರ್ಷದವರೆಗೆ ಶಿಕ್ಷೆ. ಬರೀ ಕಸಿದು ಓಡಿದ್ರೆ 304, ಮೂರು ವರ್ಷದವರೆಗೆ. ಹಾಗಾಗಿ ದೂರಲ್ಲಿ "ಕಳೆದುಹೋಯ್ತು" ಅಂತ ಬರೀಬೇಡಿ. ಮಚ್ಚು, ಎಷ್ಟು ಜನ, ಏನು ಬೆದರಿಕೆ, ಮೂರೂ ಇರಲಿ. ಪೊಲೀಸರು ನಮ್ಮ ಲಿಮಿಟ್ ಅಲ್ಲ ಅಂದ್ರೆ ಝೀರೋ ಎಫ್‌ಐಆರ್ (ಯಾವ ಠಾಣೆಯಲ್ಲಾದ್ರೂ ದಾಖಲಿಸೋ ಎಫ್‌ಐಆರ್) ಕೇಳಿ, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ರಲ್ಲಿದೆ. ಆ ದೂರಿನ ಪ್ರತಿ, ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ಇದ್ರೆ ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲಲ್ಲಿ ಐಎಂಇಐ ಬ್ಲಾಕ್ ಮಾಡಿಸಬಹುದು.

ತಿರುಗಿ ಹೊಡೆಯೋ ಬಗ್ಗೆ: ಆತ್ಮರಕ್ಷಣೆ ಹಕ್ಕು ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳಲ್ಲಿದೆ, ಸುಲಿಗೆಗೂ ಅನ್ವಯಿಸತ್ತೆ. ಆದ್ರೆ ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಕೊಡೋ ಹಾಗಿಲ್ಲ. ಅವನು ಮಚ್ಚು ಬಿಸಾಕಿ ಓಡುವಾಗ ಅಟ್ಟಿಸಿಕೊಂಡು ಹೋಗಿ ತಲೆಗೆ ಕಲ್ಲು ಹಾಕಿದ್ರೆ ಆರೋಪಿ ನೀವೇ ಆಗ್ತೀರ.